ಮರಿ ಆಮೆಗೆ ಟಿ5 ಯುವಿಬಿ ಟ್ಯೂಬ್: 14 ತಿಂಗಳು ಉಪಯೋಗಿಸಿದ ಮೇಲೆ ಬರೀತಿರೋದು

ಮರಿ ಆಮೆ ಸಾಕೋರ ಹತ್ರ ದುಡ್ಡು ಒಂದೇ ವಸ್ತುಗೆ ಸಾಕಾಗೋಷ್ಟು ಇದ್ರೆ ಈ ಟ್ಯೂಬ್ ತಗೊಳ್ಳಿ, ಅಂದ್ರೆ ಬಿಸಿಲಲ್ಲಿರೋ ಯುವಿಬಿ ಅನ್ನೋ ಅತಿನೇರಳೆ ಕಿರಣ ಕೊಡೋ ಟ್ಯೂಬ್‌ಲೈಟು, ಟಿ5 ಅನ್ನೋದು ಅದರ ತೆಳ್ಳನೆ ಸೈಜಿನ ಹೆಸರು. ಗಾಜಿನ ಟ್ಯಾಂಕು, ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಡಬ್ಬಿ ಪೆಲೆಟ್ಟು ಇವೆಲ್ಲ ಆಮೇಲೆ ನೋಡಿದ್ರಾಯ್ತು, ಅದರಲ್ಲಿ ಅರ್ಧ ಬೇಡವೇ ಬೇಡ. ನಾನು ಇದನ್ನ ಉಲ್ಟಾ ಮಾಡಿದೆ, ಅವೆಲ್ಲ ಮೊದಲು ತಂದು ಟ್ಯೂಬನ್ನ ಕೊನೆಗೆ ತಂದೆ, ಅದರ ನೋವು ತಿಂದಿದ್ದು ನಮ್ಮ ಗುಂಡು. ಬೇರೆ ಮನೆ ಮರಿಗೆ ಹಾಗಾಗ್ಬಾರ್ದು ಅಂತ ಇಷ್ಟುದ್ದ ಬರೀತಿದೀನಿ, ಪೂರ್ತಿ ಓದಿ.

ಗುಂಡು ಸಲ್ಕಾಟಾ ಮರಿ, ಆಫ್ರಿಕಾದ ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ ಇರೋ ಜಾತಿ. ನನ್ನ ಕಲೀಗ್ ಒಬ್ರು ವಿದೇಶಕ್ಕೆ ಹೋಗೋವಾಗ ಪೇಪರ್ಸ್ ಸಮೇತ ನಮಗೆ ಕೊಟ್ಟು ಹೋದ್ರು. ಪೇಪರ್ಸ್ ವಿಷಯ ಇಲ್ಲೇ ಹೇಳಿಬಿಡ್ತೀನಿ ಯಾಕಂದ್ರೆ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಮ್ಮ ನಕ್ಷತ್ರ ಆಮೆ ಇದೆಯಲ್ಲ, ಬೆನ್ನ ಮೇಲೆ ಹಳದಿ ಗೆರೆ ಗೆರೆ ಇರತ್ತೆ, ಅದನ್ನ ಮನೇಲಿ ಸಾಕೋ ಹಾಗೇ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈಗ ಅದು ಮೊದಲನೇ ಶೆಡ್ಯೂಲ್‌ನಲ್ಲಿದೆ, ಅಂದ್ರೆ ಹುಲಿ ಆನೆ ಜೊತೆ. ವಾಸ್ತುಗೆ ಒಳ್ಳೇದು, ಮನೇಗೆ ಲಕ್ಷ್ಮಿ ಬರ್ತಾಳೆ ಅಂತ ಯಾರಾದ್ರೂ ಗುಟ್ಟಾಗಿ ಮಾರಕ್ಕೆ ಬಂದ್ರೆ ದಯವಿಟ್ಟು ತಗೊಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಸಲ್ಕಾಟಾ ಥರ ಹೊರದೇಶದ ಜಾತಿ ಸಾಕಿದ್ರೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡಿಸ್ಬೇಕು, 2024ರಲ್ಲಿ ಅದಕ್ಕೆ ಹೊಸ ರೂಲ್ಸ್ ಬಂದಿದೆ, ಒಬ್ಬರಿಂದ ಇನ್ನೊಬ್ಬರಿಗೆ ಕೊಟ್ರೆ ಅದನ್ನೂ ತಿಳಿಸ್ಬೇಕು.

ಸರಿ, ವಿಷಯಕ್ಕೆ ಬರ್ತೀನಿ. ಗುಂಡು ಬಂದಾಗ ನಾಲ್ಕು ತಿಂಗಳ ಮರಿ, ಅಡುಗೆಮನೆ ತಕ್ಕಡೀಲಿ 62 ಗ್ರಾಂ, ನನ್ನ ಮಗಳ ಅಂಗೈಯಲ್ಲಿ ಚಕ್ಕುಲಿ ಇಟ್ಟ ಹಾಗೆ ಕೂರೋನು. ಹತ್ತಿರದ ಪೆಟ್ ಶಾಪಿಗೆ ಹೋಗಿ ಏನೇನು ಬೇಕು ಅಂತ ಕೇಳಿದೆ. ಅಂಗಡಿ ಹೆಸರು ಬೇಡ. ಎರಡು ಅಡಿ ಗಾಜಿನ ಟ್ಯಾಂಕು, ಒಂದು ಕೆಂಪು ಬಲ್ಬು, ಒಣ ಸೀಗಡಿ ಬೆರೆಸಿದ ಪೆಲೆಟ್ ಡಬ್ಬಿ ಕೊಟ್ರು. ಬಲ್ಬು ತೋರಿಸಿ "ಇದರಲ್ಲೇ ಎಲ್ಲಾ ಬರತ್ತೆ ಸಾರ್, ಶಾಖಾನೂ ಯುವಿನೂ" ಅಂದ್ರು, ನಂಬಿದೆ. ಸೊಪ್ಪು ಏನು ಹಾಕ್ಲಿ ಅಂದ್ರೆ ಪಾಲಕ್ ಹಾಕಿ, ಸೌತೆಕಾಯಿ ಹಾಕಿ, ಟೊಮೇಟೊ ಅಂದ್ರೆ ಪ್ರಾಣ ಬಿಡ್ತಾವೆ ಅಂದ್ರು. ಟೊಮೇಟೊ ತಿಂದಿದ್ದೇನೋ ನಿಜ.

ನಮ್ಮದು ಬೆಂಗಳೂರಿನ ಬನಶಂಕರಿ ಕಡೆ ಎರಡನೇ ಮಹಡಿ ಮನೆ, ಬಾಲ್ಕನಿಗೆ ಗಾಜು ಹಾಕ್ಸಿದೀವಿ, ಬೆಳಗ್ಗೆ ಒಂದೂವರೆ ಗಂಟೆ ಚೆನ್ನಾಗಿ ಬಿಸಿಲು ಬೀಳತ್ತೆ. ಗುಂಡೂನ ದಿನಾ ಅಲ್ಲೇ ಬಿಡ್ತಿದ್ವಿ, ಅವನು ಕಾಲು ಚಾಚ್ಕೊಂಡು ಕತ್ತು ಉದ್ದ ಮಾಡಿ ಬಿಸಿಲು ಕಾಯಿಸ್ಕೊಳ್ಳೋನು, ಬಿಸಿಲೂ ಸಿಗ್ತಿದೆ ಬಲ್ಬೂ ಇದೆ ಇನ್ನೇನು ಬೇಕು ಅಂದ್ಕೊಂಡೆ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಸ್ನಾನ ಮಾಡಿಸೋವಾಗ ಹಿಡಿದು ಎತ್ತಿದೆ ನೋಡಿ, ಹೊಟ್ಟೆ ಕಡೆ ಚಿಪ್ಪು ಹೆಬ್ಬೆರಳ ಕೆಳಗೆ ಒಳಕ್ಕೆ ಹೋಯ್ತು. ನೆನೆದ ಹಪ್ಪಳ ಮುಟ್ಟಿದ ಹಾಗೆ. ಬೆರಳು ತೆಗೆದ ಮೇಲೆ ನಿಧಾನಕ್ಕೆ ಮೇಲೆ ಬಂತು. ಹೊಸದಾಗಿ ಮೊಟ್ಟೆಯಿಂದ ಬಂದ ಮರಿಗೆ ಚಿಪ್ಪು ಸ್ವಲ್ಪ ಬಾಗೋದು ಸಹಜ, ಆದ್ರೆ ತಿಂಗಳು ಕಳೆದ ಹಾಗೆ ಗಟ್ಟಿ ಆಗ್ತಾ ಹೋಗ್ಬೇಕು, ಇವನದ್ದು ದಿನ ಕಳೆದಂತೆ ಮೆತ್ತಗಾಗ್ತಿತ್ತು. ಹಿಂದಿನ ಕಾಲು ಎಳ್ಕೊಂಡು ನಡೀತಿದ್ದ, ಅದನ್ನ ನಾವು ಸೋಮಾರಿತನ ಅಂದ್ಕೊಂಡಿದ್ವಿ. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಮೊದಲು ನಮ್ಮ ಏರಿಯಾದ ಡಾಕ್ಟ್ರ ಹತ್ರ ಹೋದೆ, ಅವರು ನಾಯಿ ಬೆಕ್ಕು ನೋಡೋರು, "ನಂಗೆ ಆಮೆ ಗೊತ್ತಿಲ್ಲ, ಗೊತ್ತಿಲ್ದೆ ಇಂಜೆಕ್ಷನ್ ಕೊಡಲ್ಲ, ಸರೀಸೃಪ ನೋಡೋರ ಹತ್ರಾನೇ ಹೋಗಿ" ಅಂತ ನೇರವಾಗಿ ಹೇಳಿದ್ರು. ಆ ಪ್ರಾಮಾಣಿಕತೆಗೆ ನಾನು ಇವತ್ತೂ ಋಣಿ. ಬನ್ನೇರುಘಟ್ಟ ರಸ್ತೆ ಕಡೆ ಅಂಥ ಡಾಕ್ಟ್ರು ಒಬ್ರು ಸಿಕ್ಕಿದ್ರು, ಎಕ್ಸ್‌ರೇ ತೆಗೆದ್ರು. ಚೆನ್ನಾಗಿರೋ ಮರಿ ಎಕ್ಸ್‌ರೇ ಪಕ್ಕದಲ್ಲಿಟ್ಟು ತೋರಿಸಿದ್ರು, ಅದರಲ್ಲಿ ಚಿಪ್ಪಿನ ಅಂಚು, ಬೆನ್ನುಮೂಳೆ, ಕಾಲು ಎಲ್ಲ ಸುಣ್ಣದಲ್ಲಿ ಗೆರೆ ಎಳೆದ ಹಾಗೆ ಬೆಳ್ಳಗೆ. ಗುಂಡೂದು ಮಂಜು ಕವಿದ ಹಾಗೆ, ಮೂಳೆ ಎಲ್ಲಿ ಮುಗೀತು ಮಾಂಸ ಎಲ್ಲಿ ಶುರುವಾಯ್ತು ಅಂತಾನೇ ಗೊತ್ತಾಗ್ತಿರ್ಲಿಲ್ಲ.

ಅವರು ವಿವರಿಸಿದ್ದನ್ನ ನಂಗೆ ಅರ್ಥ ಆದ ಹಾಗೆ ಹೇಳ್ತೀನಿ. ಚಿಪ್ಪು ಅಂದ್ರೆ ಆಮೆ ಹೊತ್ಕೊಂಡಿರೋ ಮನೆ ಅಂತ ಚಿಕ್ಕವರಿದ್ದಾಗ ಕೇಳಿದೀವಲ್ಲ, ಅದು ಅವನ ಮೂಳೆಯೇ. ಪಕ್ಕೆಲುಬು, ಬೆನ್ನುಮೂಳೆ ಎಲ್ಲ ಚಿಪ್ಪಿನ ಜೊತೆ ಬೆಸೆದು ಒಂದಾಗಿರತ್ತೆ, ಅದರ ಮೇಲೆ ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದೇ ಕೆರಾಟಿನ್ ಪದರ ಹೊದಿಕೆ. ಅಂದ್ರೆ ಚಿಪ್ಪು ಒಳಗಿಂದ ಬೆಳೀತದೆ. ಬೆಳೆಯಕ್ಕೆ ಕ್ಯಾಲ್ಸಿಯಂ ಬೇಕು, ತಿಂದ ಕ್ಯಾಲ್ಸಿಯಂ ಕರುಳಿಂದ ರಕ್ತಕ್ಕೆ ಹೋಗಕ್ಕೆ ವಿಟಮಿನ್ ಡಿ3 ಬೇಕು, ಡಿ3 ಚರ್ಮದಲ್ಲಿ ತಯಾರಾಗಕ್ಕೆ ಯುವಿಬಿ ಕಿರಣ ಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದ್ರೂ ದೇಹ ರಕ್ತದ ಕ್ಯಾಲ್ಸಿಯಂ ಸರಿದೂಗಿಸಕ್ಕೆ ತನ್ನ ಮೂಳೆಯನ್ನೇ ಕರಗಿಸಕ್ಕೆ ಶುರು ಮಾಡತ್ತೆ. ಅದಕ್ಕೆ ಮೆಟಬಾಲಿಕ್ ಬೋನ್ ಡಿಸೀಸ್ ಅಂತಾರೆ. ನಮ್ಮ ಪಕ್ಕದ ಮನೆ ಅಜ್ಜಿ ಪ್ರೀತಿಯಿಂದ ಕೊಬ್ಬರಿ ಎಣ್ಣೆ ಕೊಟ್ಟು ಚಿಪ್ಪಿಗೆ ಹಚ್ಚು ಗಟ್ಟಿ ಆಗತ್ತೆ ಅಂದಿದ್ರು, ಡಾಕ್ಟ್ರು ಬೇಡ ಅಂದ್ರು, ಹೊರಗಿಂದ ಏನು ಹಚ್ಚಿದ್ರೂ ಒಳಗಿನ ಮೂಳೆ ಗಟ್ಟಿ ಆಗಲ್ಲ.

"ಮತ್ತೆ ದಿನಾ ಬಿಸಿಲಲ್ಲಿ ಬಿಡ್ತಿದ್ವಲ್ಲ ಸಾರ್" ಅಂದೆ. "ಗಾಜಿನ ಹಿಂದೆ ತಾನೆ?" ಅಂದ್ರು.

ಗಾಜು ಯುವಿಬಿನ ತಡೆದುಬಿಡತ್ತೆ, ಇದನ್ನ ನಾನೇ ಕಣ್ಣಾರೆ ನೋಡ್ದೆ. ಆಮೆ ಸಾಕೋ ಫ್ರೆಂಡ್ ಒಬ್ಬನ ಹತ್ರ ಯುವಿ ಇಂಡೆಕ್ಸ್, ಅಂದ್ರೆ ಯುವಿ ಕಿರಣ ಎಷ್ಟು ಜೋರಾಗಿದೆ ಅಂತ ಅಳೆಯೋ ಮೀಟರ್ ಇದೆ, ಟಿವಿ ರಿಮೋಟ್ ಸೈಜಿನದ್ದು, ತಗೊಂಡು ಬಂದ. ಬೆಳಗ್ಗೆ ಒಂಬತ್ತು ಗಂಟೆಗೆ ಟೆರೇಸ್ ಮೇಲೆ ಹಿಡಿದ್ರೆ 3.4. ಕೆಳಗೆ ಬಂದು ಬಾಲ್ಕನೀಲಿ ಮುಚ್ಚಿದ ಗಾಜಿನ ಹಿಂದೆ, ಮುಖಕ್ಕೆ ಬಿಸಿಲು ಚುರುಕ್ ಅಂತಿದೆ, ಮೀಟರ್‌ನಲ್ಲಿ 0.0. ಗಾಜಿನ ಬಾಗಿಲು ಒಂದು ಗೇಣು ಸರಿಸಿದ, ನಂಬರ್ ಛಕ್ ಅಂತ ಮೇಲೆ ಹೋಯ್ತು, ಮುಚ್ಚಿದ, ಮತ್ತೆ ಸೊನ್ನೆ. ಆ ಅಂಗಡಿಯವರ ಕೆಂಪು ಬಲ್ಬಿನ ಕೆಳಗೂ ಹಿಡಿದ್ವಿ, ಸೊನ್ನೆ. ಅಂದ್ರೆ ಮೂರು ತಿಂಗಳು ಆ ಮಗುಗೆ ನಾವು ಶಾಖ ಮಾತ್ರ ಕೊಟ್ಟಿದ್ವಿ, ಯುವಿಬಿ ಒಂದು ದಿನಾನೂ ಇಲ್ಲ. ಸಂಕಟ ಆಯ್ತು.

ಈಗ ಟ್ಯೂಬಿಗೆ ಬರ್ತೀನಿ. ನಾನು ತಗೊಂಡಿದ್ದು ಝೂ ಮೆಡ್ ಕಂಪನಿಯ ರೆಪ್ಟಿಸನ್ 10.0, ಟಿ5 ಎಚ್‌ಒ (ಹೈ ಔಟ್‌ಪುಟ್, ಅಂದ್ರೆ ಜೋರು ಬೆಳಕಿಂದು), 24 ವ್ಯಾಟ್, 22 ಇಂಚು ಉದ್ದ. ಆರ್ಕೇಡಿಯಾ ಅಂತ ಇನ್ನೊಂದು ಕಂಪನಿದೂ ಸಿಗತ್ತೆ, ಅದರಲ್ಲಿ 12% ಅನ್ನೋದು ಮರುಭೂಮಿ ಪ್ರಾಣಿಗಳಿಗೆ. ಟ್ಯೂಬು, ಫಿಕ್ಸ್ಚರ್, ರಿಫ್ಲೆಕ್ಟರ್, ಕೊರಿಯರ್ ಎಲ್ಲ ಸೇರಿ ನಂಗೆ 7,800 ರೂಪಾಯಿ ಬಿತ್ತು. ಹೌದು, ಜಾಸ್ತಿನೇ. ಅಲ್ಲೇ ಪಕ್ಕದಲ್ಲಿ ಸುರುಳಿ ಥರದ ಸಿಎಫ್‌ಎಲ್ ಯುವಿಬಿ ಬಲ್ಬು ಸಾವಿರದ ಒಳಗೆ ಸಿಗತ್ತೆ, ಆಸೆ ಆಗತ್ತೆ, ಆದ್ರೆ ಅದರ ಯುವಿಬಿ ಬೀಳೋದು ಒಂದು ತಟ್ಟೆ ಅಗಲದ ಜಾಗಕ್ಕೆ, ಆಮೆ ಸ್ವಲ್ಪ ಪಕ್ಕಕ್ಕೆ ಹೋದ್ರೆ ಮುಗೀತು. ಉದ್ದ ಟ್ಯೂಬ್ ಇದ್ರೆ ಅರ್ಧ ಪೆಟ್ಟಿಗೆ ಉದ್ದಕ್ಕೂ ಬೀಳತ್ತೆ, ಅವನು ತಿಂತಾ ಓಡಾಡ್ತಾ ಇರೋವಾಗಲೇ ಸಿಗ್ತಾ ಹೋಗತ್ತೆ.

ಹಾಕೋ ರೀತಿ ಬಹಳ ಮುಖ್ಯ, ತಪ್ಪು ಹಾಕಿದ್ರೆ ಒಳ್ಳೇ ಟ್ಯೂಬೂ ದಂಡ. ಟ್ಯೂಬ್‌ಗೂ ಆಮೆ ಬೆನ್ನಿಗೂ ಮಧ್ಯೆ ನಾನು 35 ಸೆಂಟಿಮೀಟರ್ ಇಟ್ಟಿದೀನಿ, ಆ ಎತ್ತರದಲ್ಲಿ ಮೀಟರ್ 4.1 ತೋರಿಸ್ತು. ತೀರಾ ಹತ್ರ ಇಟ್ರೆ ಕಣ್ಣು ಊದ್ಕೊಳತ್ತೆ. ಮಧ್ಯದಲ್ಲಿ ಗಾಜು, ಅಕ್ರಿಲಿಕ್ ಇರಲೇಬಾರ್ದು, ಸೊಳ್ಳೆ ಪರದೆ ಥರ ಸಣ್ಣ ಜಾಲರಿ ಇದ್ರೂ ಮೂರನೇ ಒಂದು ಭಾಗ ತಿಂದ್ಹಾಕತ್ತೆ, ಅದಕ್ಕೆ ನಾನು ಟ್ಯೂಬನ್ನ ಜಾಲರಿಯಿಂದ ಕೆಳಗೆ ಕಟ್ಟಿದೀನಿ. ಯಾವಾಗ್ಲೂ ಮೇಲಿಂದಾನೇ ಬೀಳ್ಬೇಕು, ಪಕ್ಕದಿಂದ ಅಲ್ಲ, ಆಮೆ ಕಣ್ಣಿನ ಮೇಲಿರೋ ಹುಬ್ಬಿನಂಥ ಉಬ್ಬು ಮೇಲಿಂದ ಬರೋ ಬಿಸಿಲಿಂದ ಮಾತ್ರ ಕಣ್ಣು ಕಾಯತ್ತೆ. ಪೆಟ್ಟಿಗೆಯ ಒಂದು ತುದಿ ನೆರಳಾಗಿರ್ಲಿ, ಅವನಿಗೆ ಸಾಕು ಅನ್ಸಿದಾಗ ಹೋಗಕ್ಕೆ. ಇನ್ನೊಂದು, ಅಮೆರಿಕದಿಂದ ಬಂದ ಕೆಲವು ಫಿಕ್ಸ್ಚರ್ 120 ವೋಲ್ಟಿಂದು, ನಮ್ಮ 230ಕ್ಕೆ ಸಿಕ್ಕಿಸಿದ್ರೆ ಸುಟ್ಟು ಹೋಗತ್ತೆ, ತಗೊಳ್ಳೋ ಮುಂಚೆ ಕೇಳಿ. ಬೆಳಗ್ಗೆ 7ಕ್ಕೆ ಆನ್ ಸಂಜೆ 7ಕ್ಕೆ ಆಫ್ ಅಂತ ಟೈಮರ್ ಹಾಕಿದೀನಿ, ಕರೆಂಟು ತಿಂಗಳಿಗೆ ಒಂಬತ್ತು ಯೂನಿಟ್ ಕೂಡ ಆಗಲ್ಲ.

ಈ ಟ್ಯೂಬ್ ಶಾಖ ಕೊಡಲ್ಲ ಅನ್ನೋದೂ ನೆನಪಿರ್ಲಿ. ಮೈ ಬಿಸಿ ಆಗ್ಲಿಲ್ಲ ಅಂದ್ರೆ ಆಮೆಗೆ ತಿಂದಿದ್ದು ಜೀರ್ಣ ಆಗಲ್ಲ, ಡಿ3 ಕೆಲಸಾನೂ ನಿಧಾನ. ಅದಕ್ಕೆ ಪಕ್ಕದಲ್ಲೇ ಮಾಮೂಲಿ ಹ್ಯಾಲೊಜೆನ್ ಬಲ್ಬು ಹಾಕಿ, ಅದರ ಕೆಳಗೆ 35 ಡಿಗ್ರಿ ಬರೋ ಹಾಗೆ ಮಾಡಿದೀನಿ, ತಂಪು ಕಡೆ 27. ಬೆಂಗಳೂರಲ್ಲಿ ಡಿಸೆಂಬರ್ ಜನವರಿ ರಾತ್ರಿ 15 ಡಿಗ್ರಿಗೆ ಇಳಿಯತ್ತೆ, ನಮಗೆ ಸ್ವೆಟರ್ ಹಾಕ್ಕೊಳ್ಳೋ ಖುಷಿ, ಈ ಮರಿಗೆ ಅದು ನ್ಯುಮೋನಿಯಾಗೆ ದಾರಿ. ಸಲ್ಕಾಟಾ ಚಳಿ ನಿದ್ದೆ ಮಾಡೋ ಜಾತಿ ಅಲ್ಲ, ಮಲಗಿದೆ ಬಿಡು ಅಂತ ಬಿಡ್ಬೇಡಿ. ರಾತ್ರಿಗೆ ಬೆಳಕು ಬರದ ಸೆರಾಮಿಕ್ ಹೀಟರ್ ಜೊತೆ ಶಾಖ ಹದದಲ್ಲಿಡೋ ಥರ್ಮೋಸ್ಟಾಟ್ ಹಾಕಿ.

ಫಲಿತಾಂಶ ಕೇಳ್ತೀರಾ. ಮೊದಲ ಮೂರು ವಾರ ಏನೂ ಗೊತ್ತಾಗ್ಲಿಲ್ಲ, ದಿನಾ ಬೆರಳಿಟ್ಟು ನೋಡ್ಬೇಕು ಅನ್ಸೋದು, ಡಾಕ್ಟ್ರು ಒತ್ತಬೇಡಿ ಅಂದಿದ್ರು. ಐದನೇ ವಾರಕ್ಕೆ ಕಾಲೆತ್ತಿ ನಡೆಯಕ್ಕೆ ಶುರು ಮಾಡ್ದ, ಹೊಟ್ಟೆ ನೆಲಕ್ಕೆ ತಾಗದ ಹಾಗೆ. ಎರಡು ತಿಂಗಳಿಗೆ ಬೆನ್ನ ಮೇಲಿನ ಚೌಕಗಳ ಮಧ್ಯೆ ತೆಳ್ಳಗೆ ಕೆನೆ ಬಣ್ಣದ ಗೆರೆ ಕಾಣಿಸ್ತು, ಅದು ಹೊಸ ಬೆಳವಣಿಗೆ, ಮಗಳು ಟಾರ್ಚ್ ಹಿಡಿದು ಎಣಿಸೋಳು, ನಡುವೆ ಐದು, ಆ ಕಡೆ ನಾಲ್ಕು ಈ ಕಡೆ ನಾಲ್ಕು, ಹದಿಮೂರೂ ಚೌಕದ ಸುತ್ತ ಬಂದಿದೆ ಅಪ್ಪಾ ಅಂತ ಕೂಗಿದ್ಳು. ನಾಲ್ಕು ತಿಂಗಳಿಗೆ ಇನ್ನೊಂದು ಎಕ್ಸ್‌ರೇ, ಈ ಸಲ ಅಂಚು ಬೆಳ್ಳಗೆ ಕಾಣಿಸ್ತಿತ್ತು. ಈಗ 540 ಗ್ರಾಂ. ಹಿಂದಿನ ಎಡಗಾಲು ಸ್ವಲ್ಪ ಸೊಟ್ಟ ಉಳಿದಿದೆ, ಅದು ಇನ್ನು ನೆಟ್ಟಗಾಗಲ್ಲ ಅಂದಿದಾರೆ.

ಟ್ಯೂಬ್ ಒಂದರಿಂದಾನೇ ಆಯ್ತು ಅಂದ್ರೆ ಸುಳ್ಳಾಗತ್ತೆ. ಊಟ ಪೂರ್ತಿ ಬದಲಾಯಿಸಿದ್ವಿ. ಪಾಲಕ್ಕು, ದಂಟು, ಬಸಳೆ ಇವುಗಳಲ್ಲಿ ಆಕ್ಸಲೇಟ್ ಜಾಸ್ತಿ, ಅದು ಕ್ಯಾಲ್ಸಿಯಂನ ಹಿಡ್ಕೊಂಡು ಬಿಡತ್ತೆ, ಅಪರೂಪಕ್ಕೆ ಒಂದೆಲೆ ತಿಂದ್ರೆ ಏನಾಗಲ್ಲ, ದಿನಾ ಅದೇ ಆಗ್ಬಾರ್ದು. ಊಟದಲ್ಲಿ ರಂಜಕ ಎಷ್ಟಿರತ್ತೋ ಅದರ ಎರಡು ಪಟ್ಟಾದ್ರೂ ಕ್ಯಾಲ್ಸಿಯಂ ಇರ್ಬೇಕು. ಇದಕ್ಕೆ ನಮ್ಮೂರಷ್ಟು ಅನುಕೂಲ ಇರೋ ಜಾಗ ಇನ್ನೊಂದಿಲ್ಲ ಅನ್ಸತ್ತೆ ನಂಗೆ. ಗಾಂಧಿ ಬಜಾರಲ್ಲಿ ಗಣೇಶನ ಪೂಜೆಗೆ ಅಂತ ಗರಿಕೆ ಕಟ್ಟು ಕಟ್ಟು ಸಿಗತ್ತೆ, ಸಲ್ಕಾಟಾಗೆ ಹುಲ್ಲೇ ಮುಖ್ಯ ಊಟ. ದಾಸವಾಳದ ಎಲೆ, ಹೂವು ಎರಡೂ ಇಷ್ಟ, ಕೆಂಪು ಹೂವು ಕಂಡ್ರೆ ಪೆಟ್ಟಿಗೆ ಆ ತುದಿಯಿಂದ ಓಡಿ ಬರ್ತಾನೆ. ನನ್ನ ಹೆಂಡ್ತಿ ತವರು ರಾಮನಗರದ ಕಡೆ, ಹಿಪ್ಪುನೇರಳೆ ತೋಟ ಇದೆ, ರೇಷ್ಮೆ ಹುಳಕ್ಕೆ ಕೊಯ್ಯೋ ಸೊಪ್ಪಲ್ಲಿ ಒಂದು ಹಿಡಿ ಗುಂಡುಗೆ ಬರತ್ತೆ. ನೀವು ಬೇರೆಯವರ ತೋಟದಿಂದ ತರೋದಾದ್ರೆ ಔಷಧಿ ಹೊಡೆದು ಎಷ್ಟು ದಿನ ಆಯ್ತು ಅಂತ ಕೇಳಿ ತನ್ನಿ. ಪಾಪಾಸುಕಳ್ಳಿ ಹಾಳೆ ಕೂಡ ಅಮೃತ, ಮುಳ್ಳನ್ನ ಗ್ಯಾಸ್ ಉರಿ ಮೇಲೆ ಬದನೆಕಾಯಿ ಸುಟ್ಟ ಹಾಗೆ ಸುಟ್ಟು, ಕೆರೆದು, ತುಂಡು ಮಾಡಿ ಹಾಕ್ತೀನಿ.

ಕ್ಯಾಲ್ಸಿಯಂಗೆ ದುಬಾರಿ ಡಬ್ಬಿ ಬೇಡ. ಗ್ರಂಧಿಗೆ ಅಂಗಡೀಲಿ ಸಮುದ್ರ ನೊರೆ ಕೇಳಿ, ಬೆಳ್ಳಗೆ ದೋಣಿ ಆಕಾರದ್ದು ಕೊಡ್ತಾರೆ, ಅದು ಕಟಲ್‌ಫಿಶ್ ಅನ್ನೋ ಸಮುದ್ರ ಜೀವಿಯ ಒಳಗಿನ ಚಿಪ್ಪು, ಹೆಚ್ಚೂಕಮ್ಮಿ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ದಿನ ನೀರಲ್ಲಿ ನೆನೆಸಿ, ಒಣಗಿಸಿ, ಪೆಟ್ಟಿಗೇಲಿ ಇಟ್ರೆ ಅವನಿಗೆ ಬೇಕಾದಾಗ ಕರಕರ ಕಡೀತಾನೆ, ಆ ಸದ್ದು ಕೇಳಕ್ಕೇ ಖುಷಿ. ಆದ್ರೆ ಡಿ3 ಹನಿ, ಇಂಜೆಕ್ಷನ್ ಇವನ್ನ ನೀವೇ ಕೊಡೋಕೆ ಹೋಗ್ಬೇಡಿ, ಜಾಸ್ತಿ ಆದ್ರೆ ಕಿಡ್ನೀಲಿ, ರಕ್ತನಾಳದಲ್ಲಿ ಸುಣ್ಣ ಕಟ್ಟತ್ತೆ. ಇನ್ನೊಂದು ಮಾತು, ನಾಯಿಗೆ ಹುಳಕ್ಕೆ ಕೊಡೋ ಐವರ್‌ಮೆಕ್ಟಿನ್ ಆಮೆಗೆ ವಿಷ, ಪ್ರಾಣಾನೇ ಹೋಗತ್ತೆ, ಆಮೆ ಗೊತ್ತಿಲ್ಲದ ಡಾಕ್ಟ್ರ ಹತ್ರ ಹೋದ್ರೆ ಬಾಯಿ ಬಿಟ್ಟು ಹೇಳಿ.

ಮರುಭೂಮಿ ಪ್ರಾಣಿ ಅಂತ ಒಣಗಿಸಿ ಇಡೋದು ಇನ್ನೊಂದು ದೊಡ್ಡ ತಪ್ಪು, ಅದನ್ನೂ ನಾನು ಮಾಡಿದ್ದೆ. ಕಾಡಲ್ಲಿ ಈ ಮರಿಗಳು ಹಗಲು ಬಿಲದಲ್ಲಿ, ಹುಲ್ಲಿನ ಬುಡದಲ್ಲಿ ತೇವ ಇರೋ ಕಡೆ ಅಡಗಿರ್ತಾವೆ. ಚಿಪ್ಪಿನ ಒಂದೊಂದು ಚೌಕವೂ ಗೋಪುರದ ಹಾಗೆ ಮೇಲೆದ್ದು ಬರೋದು ನೋಡಿದೀರಲ್ಲ, ಪಿರಮಿಡಿಂಗ್ ಅಂತಾರೆ, ಪ್ರೋಟೀನ್ ಜಾಸ್ತಿ ಆದ್ರೆ ಹಾಗಾಗತ್ತೆ ಅಂತ ಎಲ್ರೂ ಹೇಳ್ತಿದ್ರು, 2003ರಲ್ಲಿ ಸಲ್ಕಾಟಾ ಮರಿಗಳ ಮೇಲೇ ಮಾಡಿದ ಅಧ್ಯಯನ ಒಂದು ಪ್ರಕಟ ಆಯ್ತು, ಒಣ ಗಾಳೀಲಿ ಬೆಳೆದವಕ್ಕೆ ಉಬ್ಬು ಜಾಸ್ತಿ, ತೇವದಲ್ಲಿ ಬೆಳೆದವು ನುಣ್ಣಗೆ, ಪ್ರೋಟೀನ್ ಪಾತ್ರ ಬಹಳ ಕಮ್ಮಿ ಅಂತ ಅದರಲ್ಲಿ ಕಂಡಿದ್ದು. ನಾನು ನರ್ಸರಿಯಿಂದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ತಂದು, ನೆನೆಸಿ, ಹಿಂಡಿ, ನಾಲ್ಕು ಬೆರಳು ದಪ್ಪ ಹರಡಿದೀನಿ, ತಲೆಕೆಳಗೆ ಮಾಡಿದ ಮಣ್ಣಿನ ಕುಂಡಕ್ಕೆ ಬಾಗಿಲು ಕೊರೆಸಿ ಒಳಗೆ ಇನ್ನೂ ಸ್ವಲ್ಪ ತೇವ ಇಡ್ತೀನಿ. ಫೆಬ್ರವರಿ ಮಾರ್ಚಲ್ಲಿ ನಮ್ಮೂರ ಗಾಳಿ ತುಟಿ ಒಡೆಯೋಷ್ಟು ಒಣ, ಆಗ ಎರಡು ಹೊತ್ತು ನೀರು ಚಿಮುಕಿಸ್ಬೇಕು. ಬೆಚ್ಚಗಿನ ನೀರಲ್ಲಿ ದಿನಾ 15 ನಿಮಿಷ ಕೂರಿಸ್ತೀನಿ, ನೀರು ಗದ್ದ ಮುಟ್ಟೋಷ್ಟು ಮಾತ್ರ, ಬಿಟ್ಟು ಹೋಗ್ಬಾರ್ದು. ಆ ನೀರಲ್ಲಿ ಅವನ ಮೂತ್ರದ ಜೊತೆ ಬೆಳ್ಳಗೆ ಮೊಸರಿನ ಥರ ಬಂದ್ರೆ ಒಳ್ಳೇದು, ಮರಳು ಮರಳಾಗಿ ಬಂದ್ರೆ ನೀರು ಸಾಲ್ತಿಲ್ಲ ಅಂತ.

ಟೆರೇಸ್ ಬಿಸಿಲು ಇದ್ರೆ ಟ್ಯೂಬ್ ಬೇಕಾ ಅಂತ ಕೆಲವರು ಕೇಳಿದ್ರು. ನಿಜವಾದ ಬಿಸಿಲಿಗೆ ಸಾಟಿ ಇಲ್ಲ, ನಾನೂ ವಾರಕ್ಕೆ ಮೂರ್ನಾಲ್ಕು ದಿನ ಬೆಳಗ್ಗೆ ಅರ್ಧ ಗಂಟೆ ಟೆರೇಸಿಗೆ ಕರ್ಕೊಂಡು ಹೋಗ್ತೀನಿ, ಅರ್ಧ ನೆರಳು ಮಾಡಿದ ಟಬ್ಬು, ಮೇಲೆ ದಪ್ಪ ಜಾಲರಿ, ಯಾಕಂದ್ರೆ ಹದ್ದು, ಕಾಗೆ ಕಣ್ಣು ಅಲ್ಲೇ ಇರತ್ತೆ. ಗಾಜಿನ ಟ್ಯಾಂಕ್ ಮಾತ್ರ ಬಿಸಿಲಲ್ಲಿ ಇಡ್ಲೇಬೇಡಿ, ಹತ್ತು ನಿಮಿಷದಲ್ಲಿ ಓವನ್ ಆಗತ್ತೆ. ಆದ್ರೆ ಜೂನಿಂದ ಅಕ್ಟೋಬರ್ ತನಕ ಇಲ್ಲಿ ಮೋಡ ಮುಸುಕಿದ ದಿನಗಳೇ ಹೆಚ್ಚು, ಆಫೀಸಿಗೆ ಹೋಗೋರಿಗೆ ಬಿಸಿಲಿನ ಹೊತ್ತು ಸಿಗಲ್ಲ, ಮರಿ ಮಾತ್ರ ದಿನಾ ಬೆಳೀತಾ ಇರತ್ತೆ. ಅದಕ್ಕೇ ಟ್ಯೂಬ್.

ತಗೊಳ್ಳೋ ಮುಂಚೆ ಗೊತ್ತಿರ್ಬೇಕಾದ ಒಂದು ಖರ್ಚು ಇದೆ. ಇದು ಯಾವ ಕಂಪನಿದಾದ್ರೂ ಸರಿ, ಕಣ್ಣಿಗೆ ಕಾಣೋ ಬೆಳಕು ವರ್ಷಗಟ್ಟಲೆ ಬರತ್ತೆ, ಯುವಿಬಿ ಮಾತ್ರ ಸದ್ದಿಲ್ದೆ ಕಮ್ಮಿ ಆಗ್ತಾ ಹೋಗತ್ತೆ. ಹನ್ನೆರಡು ತಿಂಗಳಿಗೆ ಅದೇ ಫ್ರೆಂಡ್ ಮೀಟರ್ ತಂದು ಅದೇ ಜಾಗದಲ್ಲಿ ಹಿಡಿದ, 4.1 ಇದ್ದಿದ್ದು 2.7ಕ್ಕೆ ಬಂದಿತ್ತು, ಬೆಳಕಲ್ಲಿ ನಂಗೆ ಒಂಚೂರೂ ವ್ಯತ್ಯಾಸ ಕಂಡಿರ್ಲಿಲ್ಲ. ವರ್ಷಕ್ಕೊಂದು ಹೊಸ ಟ್ಯೂಬ್ ಅಂತ ಲೆಕ್ಕ ಇಟ್ಕೊಳ್ಳಿ, ಫಿಕ್ಸ್ಚರ್ ಅದೇ ನಡೆಯತ್ತೆ. ಈ ಡಿಸೆಂಬರಲ್ಲಿ ಬದಲಾಯಿಸಿದೆ. ಹಾಕಿದ ದಿನಾನೇ ತುದೀಲಿ ಪರ್ಮನೆಂಟ್ ಮಾರ್ಕರಲ್ಲಿ ತಾರೀಖು ಬರೆದಿಟ್ಟಿದೀನಿ, ಪಕ್ಕದಲ್ಲಿ ಮಗಳು ಸಣ್ಣ ಆಮೆ ಚಿತ್ರ ಬರೆದಿದಾಳೆ, ಎಡಗಾಲು ಸ್ವಲ್ಪ ಸೊಟ್ಟ.